ಪ್ರಶ್ನೋತ್ತರ: ಸೆಂಟ್ಸ್, ಗುಂಟೆ, ಪಟೋರ – ಹಳೆ ಮೆಥಡ್ ತೆಗೆಯುವ ಬಗೆ

ಹಲವು ತಂಡಗಳು ಒಟ್ಟಿಗೆ ಬಳಸುವ ಲೈಬ್ರರಿಗಳ (ಸಿದ್ಧ ಕೋಡಿನ ಕಟ್ಟುಗಳ) ಬಗ್ಗೆ ಈ ಸಲ ಗಡಿಭಾಗದಿಂದಲೇ ಹೆಚ್ಚು ಪತ್ರಗಳು ಬಂದಿವೆ. ಒಂದೇ ಕೋಡು ಕಾಸರಗೋಡಿನಲ್ಲೂ ಸೊಲ್ಲಾಪುರದ ಕಡೆಯಲ್ಲೂ ಓಡಬೇಕಾದಾಗ ಅಳತೆ, ದಾಖಲೆ, ಊರಿನ ಹೆಸರು ಎಲ್ಲವೂ ಬೇರೆಯಾಗುತ್ತವೆ. ಹಾಗಾಗಿ ಬೇರೆ ಕಡೆ ಅಡಗಿ ಕೂರುವ ತಪ್ಪುಗಳು ಇಲ್ಲಿ ಬೇಗ ಹೊರಬೀಳುತ್ತವೆ. ಪತ್ರಗಳನ್ನು ಸಂಕ್ಷೇಪಿಸಿದ್ದೇವೆ. ಮೆಥಡ್ (ಹೆಸರು ಹಿಡಿದು ಕರೆದರೆ ಒಂದು ಕೆಲಸ ಮಾಡಿಕೊಡುವ ಕೋಡಿನ ತುಂಡು), ಟೂಲ್‌ಗಳ ಹೆಸರನ್ನು ಕನ್ನಡ ಲಿಪಿಯಲ್ಲೇ ಕೊಟ್ಟಿದ್ದೇವೆ. ಕೋಡ್ ಬರೆಯುವಾಗ ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿಕೊಳ್ಳಿ.

ಪ್ರಶ್ನೆ: ನಮ್ಮದು ಸಹಕಾರಿ ಸಂಘಗಳಿಗೆ ಸಾಫ್ಟ್‌ವೇರ್ ಮಾಡಿಕೊಡುವ ಐದು ಮಂದಿಯ ತಂಡ. ಜಾವಾದಲ್ಲಿ ಒಂದು ಲೈಬ್ರರಿ ಉಂಟು. ಅದರಲ್ಲಿ ಸದಸ್ಯರ ಜಾಗದ ಅಳತೆ ಕೊಡುವ 'ಗೆಟ್‌ಏರಿಯಾ' ಎಂಬ ಮೆಥಡ್ ಡಬಲ್ (ದಶಮಾಂಶ ಇರುವ) ಸಂಖ್ಯೆ ವಾಪಸು ಕೊಡುತ್ತದೆ. ನಮಗೆ ಅದು ಸೆಂಟ್ಸ್ ಲೆಕ್ಕ. ಈಗ ಅಕ್ಕಲಕೋಟೆಯ ಒಂದು ತಂಡವೂ ಇದೇ ಲೈಬ್ರರಿ ಬಳಸುತ್ತದೆ, ಅವರದು ಗುಂಟೆ ಲೆಕ್ಕ. ಇಬ್ಬರಿಗೂ ಸರಿಹೋಗಲಿ ಎಂದು ಅದೇ ಮೆಥಡ್ ಇನ್ನು ಮುಂದೆ ಚದರ ಮೀಟರ್ ಕೊಡುವ ಹಾಗೆ ಮಾಡಬೇಕೆಂದಿದ್ದೇವೆ. ಹೆಸರು ಅದೇ ಇದ್ದರೆ ಯಾರಿಗೂ ಕೋಡ್ ತಿದ್ದುವ ಕೆಲಸ ಬೀಳುವುದಿಲ್ಲವಲ್ಲ? — ಪೆರ್ಲ, ಕಾಸರಗೋಡು ಜಿಲ್ಲೆ

ಉತ್ತರ: ದಯವಿಟ್ಟು ಹಾಗೆ ಮಾಡಬೇಡಿ. ಕೋಡ್ ತಿದ್ದುವ ಕೆಲಸ ಬೀಳುವುದಿಲ್ಲ ಎನ್ನುವುದೇ ಇಲ್ಲಿನ ಅಪಾಯ. ಮೊದಲೂ ಡಬಲ್, ಈಗಲೂ ಡಬಲ್. ಬರೆದ ಕೋಡನ್ನು ಯಂತ್ರ ಓಡಿಸುವ ರೂಪಕ್ಕೆ ತರುವ ಕಂಪೈಲರ್‌ಗೆ ಯಾವ ವ್ಯತ್ಯಾಸವೂ ಕಾಣುವುದಿಲ್ಲ, ಎಲ್ಲವೂ ಸರಾಗವಾಗಿ ಕಂಪೈಲ್ ಆಗುತ್ತದೆ. ಆಮೇಲೆ 25 ಸೆಂಟ್ಸ್ ಇರುವ ಸದಸ್ಯರ ಅರ್ಜಿಯಲ್ಲಿ 1011.71 ಸೆಂಟ್ಸ್, ಅಂದರೆ ಹತ್ತು ಎಕರೆಗೂ ಮಿಕ್ಕಿ ಜಾಗ ಎಂದು ಅಚ್ಚಾಗುತ್ತದೆ. ಇಷ್ಟು ದೊಡ್ಡ ತಪ್ಪಾದರೆ ಯಾರಾದರೂ ಗಮನಿಸುತ್ತಾರೆ, ಅದು ನಿಮ್ಮ ಅದೃಷ್ಟ. ಗುಂಟೆಗೆ ಬದಲಾಯಿಸಿದ್ದರೆ 25 ಹೋಗಿ 10 ಆಗುತ್ತಿತ್ತು. ಹತ್ತು ಸೆಂಟ್ಸ್ ಜಾಗ ನಿಮ್ಮ ಊರಲ್ಲಿ ಎಷ್ಟೋ ಜನರಿಗಿದೆ, ಯಾರಿಗೂ ಸಂಶಯ ಬರುತ್ತಿರಲಿಲ್ಲ, ಸಾಲದ ಮಿತಿ ಮಾತ್ರ ಕಡಿಮೆಯಾಗುತ್ತಿತ್ತು.

ನಾಸಾದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ 1999ರ ಸೆಪ್ಟೆಂಬರ್ 23ರಂದು ಮಂಗಳದ ಬಳಿ ಕಳೆದುಹೋದದ್ದು ಇದೇ ಜಾತಿಯ ತಪ್ಪಿನಿಂದ. ನೆಲದ ಮೇಲಿನ ಒಂದು ಪ್ರೋಗ್ರಾಂ ಪೌಂಡ್-ಫೋರ್ಸ್ ಸೆಕೆಂಡ್ ಲೆಕ್ಕದಲ್ಲಿ ಅಂಕಿ ಬರೆಯುತ್ತಿತ್ತು, ಅದನ್ನು ಓದುವ ಪ್ರೋಗ್ರಾಂ ನ್ಯೂಟನ್ ಸೆಕೆಂಡ್ ಎಂದುಕೊಂಡಿತ್ತು. ಎರಡಕ್ಕೂ ಸುಮಾರು 4.45 ಪಟ್ಟು ವ್ಯತ್ಯಾಸ. ಬರೀ ಅಂಕಿ ನೋಡಿ ಅದು ಯಾವ ಮಾನದ್ದೆಂದು ಯಾವ ಯಂತ್ರವೂ ಹೇಳಲಾರದು.

ಮಾಡಬೇಕಾದದ್ದು ಇಷ್ಟು. 'ವಿಸ್ತೀರ್ಣ' ಎಂಬ ಒಂದು ಟೈಪ್ ಮಾಡಿ. ಕ್ಲಾಸ್ ಫೈನಲ್ ಆಗಿರಲಿ, ಕನ್‌ಸ್ಟ್ರಕ್ಟರ್ ಪ್ರೈವೇಟ್ ಇರಲಿ. ಹೊರಗಿನವರು ಅದನ್ನು 'ಸೆಂಟ್ಸ್‌ನಿಂದ', 'ಗುಂಟೆಯಿಂದ', 'ಆರ್‌ನಿಂದ' ಎಂಬ ಸ್ಟ್ಯಾಟಿಕ್ ಮೆಥಡ್‌ಗಳ ಮೂಲಕವೇ ಕಟ್ಟಬೇಕು. ಅಂಕಿ ಬೇಕಾದಾಗ 'ಸೆಂಟ್ಸ್‌ನಲ್ಲಿ', 'ಗುಂಟೆಯಲ್ಲಿ' ಎಂದು ಮಾನ ಹೇಳಿಯೇ ಕೇಳಬೇಕು. ಮಾನದ ಹೆಸರಿಲ್ಲದೆ ಸಂಖ್ಯೆ ಒಳಗೆ ಬರುವ ದಾರಿಯೂ ಇರಬಾರದು, ಹೊರಗೆ ಹೋಗುವ ದಾರಿಯೂ ಇರಬಾರದು. ಜಾವಾದ ರೆಕಾರ್ಡ್ (ಮೌಲ್ಯ ಹೊರುವುದಕ್ಕೆಂದೇ ಇರುವ ಚುಟುಕು ಕ್ಲಾಸ್) ಇಲ್ಲಿ ಆಕರ್ಷಕವಾಗಿ ಕಾಣುತ್ತದೆ, ಆದರೆ ಪಬ್ಲಿಕ್ ರೆಕಾರ್ಡಿನ ಮೂಲ ಕನ್‌ಸ್ಟ್ರಕ್ಟರನ್ನು ಪ್ರೈವೇಟ್ ಮಾಡಲು ಬರುವುದಿಲ್ಲ. ಹಾಗಾಗಿ ಸಾದಾ ಫೈನಲ್ ಕ್ಲಾಸೇ ಸರಿ.

ಒಳಗೆ ಯಾವ ಮಾನದಲ್ಲಿ ಇಡಬೇಕು? 1 ಎಕರೆ 100 ಸೆಂಟ್ಸ್, 40 ಗುಂಟೆ. 1 ಸೆಂಟ್ 435.6 ಚದರ ಅಡಿ, 1 ಗುಂಟೆ 1089 ಚದರ ಅಡಿ, ಅಂದರೆ ಗುಂಟೆಗೆ ಸರಿಯಾಗಿ ಎರಡೂವರೆ ಸೆಂಟ್ಸ್. ಚದರ ಅಡಿಯಲ್ಲಿಟ್ಟರೆ ಈ ಎರಡು ಮಾನಗಳ ಲೆಕ್ಕ ಕರಾರುವಾಕ್ಕಾಗಿ ಕೂಡಿಬರುತ್ತದೆ ನಿಜ. ಆದರೆ ಕೇರಳದ ಭೂತೆರಿಗೆ ರಶೀದಿಯಲ್ಲೂ ಮಹಾರಾಷ್ಟ್ರದ ಪಹಣಿಯಾದ ಸಾತ್‌ಬಾರಾ ಉತಾರದಲ್ಲೂ ಇರುವುದು ಹೆಕ್ಟೇರ್, ಆರ್ ಲೆಕ್ಕ. ದಾಖಲೆಯೊಂದಿಗೆ ತಾಳೆ ಹಾಕುವ ಕೆಲಸವೇ ಹೆಚ್ಚಾದ್ದರಿಂದ ನಾವು ಚದರ ಮೀಟರನ್ನೇ ಆರಿಸುತ್ತೇವೆ: 1 ಆರ್ ಎಂದರೆ 100 ಚದರ ಮೀಟರ್, 1 ಸೆಂಟ್ ಸುಮಾರು 40.4686 ಚದರ ಮೀಟರ್. ಈ ಗುಣಕವನ್ನು ಒಂದೇ ಕಡೆ ಬರೆಯಿರಿ. ಡಬಲ್ ಬದಲು ಬಿಗ್‌ಡೆಸಿಮಲ್ ಬಳಸಿ, ದಶಮಾಂಶ ಸ್ಥಾನಗಳನ್ನು ಕಡಿಮೆ ಮಾಡುವುದನ್ನು ತೆರೆಯಲ್ಲಿ ತೋರಿಸುವಾಗ ಮಾತ್ರ ಮಾಡಿ. ಜೊತೆಗೆ ಸದಸ್ಯರು ಮೊದಲು ಬರೆದುಕೊಟ್ಟ ಅಂಕಿ ಮತ್ತು ಮಾನವನ್ನೂ ಹಾಗೆಯೇ ಉಳಿಸಿಕೊಳ್ಳಿ. 25 ಸೆಂಟ್ಸ್ ಎಂದು ಕೊಟ್ಟವರಿಗೆ 24.99 ಎಂದು ಅಚ್ಚಾಗಿ ಬಂದರೆ ಅವರು ಕೌಂಟರ್‌ನಲ್ಲಿ ಜಗಳ ತೆಗೆಯುವುದು ನ್ಯಾಯವೇ.

ಬಿಗ್‌ಡೆಸಿಮಲ್‌ನಲ್ಲಿ ಒಂದು ಗುಂಡಿ ಇದೆ. ಅದರ 'ಈಕ್ವಲ್ಸ್' ಪ್ರಕಾರ 25.0 ಮತ್ತು 25.00 ಬೇರೆ ಬೇರೆ. ಕಟ್ಟುವಾಗಲೇ 'ಸ್ಟ್ರಿಪ್‌ಟ್ರೇಲಿಂಗ್‌ಝೀರೋಸ್' ಕರೆದು ಕೊನೆಯ ಸೊನ್ನೆಗಳನ್ನು ತೆಗೆದುಬಿಡಿ.

ಇನ್ನು ಹಳೆ ಮೆಥಡ್. ಅದು ಸಾಯುವ ದಿನದವರೆಗೂ ಸೆಂಟ್ಸನ್ನೇ ಕೊಡುತ್ತಿರಲಿ. ವಾಪಸು ಕೊಡುವ ಟೈಪ್ ಮಾತ್ರ ಬೇರೆಯಾದ, ಅದೇ ಹೆಸರಿನ ಇನ್ನೊಂದು ಮೆಥಡ್ ಬರೆಯಲು ಜಾವಾ ಬಿಡುವುದಿಲ್ಲ, ಆದ್ದರಿಂದ ಹೊಸದಕ್ಕೆ 'ಗೆಟ್‌ಲ್ಯಾಂಡ್‌ಏರಿಯಾ' ಎಂಬಂಥ ಹೊಸ ಹೆಸರು ಬೇಕು. ಹಳೆಯದರ ಹೊಟ್ಟೆಯಲ್ಲಿ ಒಂದೇ ಸಾಲು ಸಾಕು: ಹೊಸ ಮೆಥಡನ್ನು ಕರೆದು ಅದರ 'ಸೆಂಟ್ಸ್‌ನಲ್ಲಿ' ಉತ್ತರವನ್ನು ಡಬಲ್ ಆಗಿಸಿ ಕೊಡುವುದು. ಎರಡು ಕಡೆ ಬೇರೆ ಬೇರೆ ಲೆಕ್ಕ ಇಟ್ಟುಕೊಂಡರೆ ಒಂದನ್ನು ತಿದ್ದಿದ ದಿನ ಇನ್ನೊಂದು ಮರೆತುಹೋಗುತ್ತದೆ.

ಪ್ರಶ್ನೆ: ನಾವು ಲೈಬ್ರರಿ ಬರೆಯುವವರು. ಹನ್ನೊಂದು ಮೆಥಡ್‌ಗಳಿಗೆ ಡೆಪ್ರಿಕೇಟೆಡ್ (ಹಳೆಯದು, ಇನ್ನು ಬಳಸಬೇಡಿ) ಎಂದು ಗುರುತು ಹಾಕಿ ಮೂರು ವರ್ಶನ್ ಆಯಿತು. ಬಳಸುವ ತಂಡಗಳಲ್ಲಿ ಒಬ್ಬರೂ ಹೊಸದಕ್ಕೆ ಬದಲಾಗಿಲ್ಲ. ಕೇಳಿದರೆ ವಾರ್ನಿಂಗೇ ಕಂಡಿಲ್ಲ ಅನ್ನುತ್ತಾರೆ. ಇವನ್ನು ಕಿತ್ತು ಹಾಕುವುದು ಹೇಗೆ? — ಅಕ್ಕಲಕೋಟೆ, ಸೊಲ್ಲಾಪುರ ಜಿಲ್ಲೆ

ಉತ್ತರ: ಅವರು ಹೇಳುವುದು ನಿಜವೇ ಇರಬೇಕು. ಬರೀ '@ಡೆಪ್ರಿಕೇಟೆಡ್' ಎಂದು ಬರೆದರೆ ಜಾವಾ ಕಂಪೈಲರ್ ಕೊನೆಗೆ ಒಂದು ಸಣ್ಣ ಟಿಪ್ಪಣಿ ಹಾಕಿ ಸುಮ್ಮನಾಗುತ್ತದೆ: ಈ ಫೈಲ್ ಹಳೆಯದೇನನ್ನೋ ಬಳಸುತ್ತಿದೆ, ವಿವರ ಬೇಕಿದ್ದರೆ 'ಎಕ್ಸ್‌ಲಿಂಟ್ ಡೆಪ್ರಿಕೇಶನ್' ಹಾಕಿ ಮತ್ತೆ ಕಂಪೈಲ್ ಮಾಡಿ, ಅಷ್ಟೇ. ಯಾವ ಸಾಲು, ಯಾವ ಮೆಥಡ್ ಎಂಬುದು ಅದರಲ್ಲಿಲ್ಲ. 2017ರಲ್ಲಿ ಬಂದ ಜಾವಾ 9 ಈ ಗುರುತಿಗೆ ಎರಡು ಅಂಶ ಸೇರಿಸಿತು: ಯಾವ ವರ್ಶನ್‌ನಿಂದ ಎಂದು ಹೇಳುವ 'ಸಿನ್ಸ್', ಮತ್ತು ಖಂಡಿತ ತೆಗೆಯುತ್ತೇವೆ ಎಂದು ಹೇಳುವ 'ಫಾರ್‌ರಿಮೂವಲ್'. ಎರಡನೆಯದನ್ನು 'ಟ್ರೂ' ಮಾಡಿದರೆ ಯಾವ ಆಪ್ಶನ್ ಹಾಕದಿದ್ದರೂ ಸಾಲು ಸಂಖ್ಯೆ ಸಮೇತ ವಾರ್ನಿಂಗ್ ಬರುತ್ತದೆ. ಇನ್ನೊಂದು ಪ್ರಯೋಜನವೂ ಇದೆ. ಯಾರೋ ಎಂದೋ 'ಸಪ್ರೆಸ್‌ವಾರ್ನಿಂಗ್ಸ್ ಡೆಪ್ರಿಕೇಶನ್' ಎಂದು ಬರೆದು ಬಾಯಿ ಮುಚ್ಚಿಸಿದ್ದರೂ ಈ ವಾರ್ನಿಂಗ್ ಅದಕ್ಕೆ ಬಗ್ಗುವುದಿಲ್ಲ; ಅದನ್ನು ಮುಚ್ಚಲು 'ರಿಮೂವಲ್' ಎಂದು ಬೇರೆಯೇ ಬರೆಯಬೇಕು.

ಆದರೆ ಹನ್ನೊಂದಕ್ಕೂ ಒಟ್ಟಿಗೆ ಇದನ್ನು ಹಚ್ಚಬೇಡಿ. ಯಾವುದಕ್ಕೆ ಬದಲಿ ಮೆಥಡ್ ಈಗಾಗಲೇ ಬಿಡುಗಡೆಯಾಗಿ, ಒಂದು ವರ್ಶನ್ ಬಳಕೆಯಲ್ಲಿದೆಯೋ ಅದಕ್ಕೆ ಮಾತ್ರ. ಬದಲಿ ಇಲ್ಲದೆ ಬಿಡಿ ಬಿಡಿ ಎಂದರೆ ಜನ ವಾರ್ನಿಂಗನ್ನೇ ಮುಚ್ಚುತ್ತಾರೆ, ಅದನ್ನು ತಪ್ಪೆನ್ನುವ ಹಾಗಿಲ್ಲ.

ಡಾಕ್ಯುಮೆಂಟ್‌ನಲ್ಲಿ ಏನು ಬರೆದಿದ್ದೀರಿ ಎಂದೂ ನೋಡಿಕೊಳ್ಳಿ. 'ಇದನ್ನು ಬಳಸಬೇಡಿ' ಎಂಬ ಸಾಲಿನಿಂದ ಯಾರಿಗೂ ಉಪಯೋಗವಿಲ್ಲ. ಹೀಗಿರಲಿ: '4.2ರಿಂದ ಹಳೆಯದು. ಇದರ ಬದಲು ಗೆಟ್‌ಲ್ಯಾಂಡ್‌ಏರಿಯಾ ಕರೆದು ಸೆಂಟ್ಸ್‌ನಲ್ಲಿ ಕೇಳಿ. ಉತ್ತರ ಡಬಲ್ ಬದಲು ಬಿಗ್‌ಡೆಸಿಮಲ್ ಆಗಿರುತ್ತದೆ. 5.0ರಲ್ಲಿ ತೆಗೆಯುತ್ತೇವೆ.' ಬದಲಿಯ ಹೆಸರು, ಅದರ ನಡವಳಿಕೆಯಲ್ಲಿ ಏನು ವ್ಯತ್ಯಾಸ, ಯಾವಾಗ ಹೋಗುತ್ತದೆ, ಈ ಮೂರೂ ಇರಲೇಬೇಕು. ಎಷ್ಟೋ ಲೈಬ್ರರಿಗಳಲ್ಲಿ ನಡುವಿನದೇ ಬಿಟ್ಟುಹೋಗಿರುತ್ತದೆ, ಬದಲಾಯಿಸಿದವರು ಏಟು ತಿನ್ನುವುದೂ ಅಲ್ಲಿಯೇ.

ಯಾರು ಇನ್ನೂ ಕರೆಯುತ್ತಿದ್ದಾರೆಂದು ತಿಳಿಯಲು ಹಲವರು 'ಜೆಡೆಪ್ರ್‌ಸ್ಕ್ಯಾನ್' ಓಡಿಸಿ ಏನೂ ಸಿಗಲಿಲ್ಲವೆಂದು ನೆಮ್ಮದಿಯಾಗುತ್ತಾರೆ. ಅದು ಹುಡುಕುವುದು ಜಾವಾದ ಸ್ವಂತ ಹಳೆ ಮೆಥಡ್‌ಗಳನ್ನು; ನಿಮ್ಮ ಲೈಬ್ರರಿಯದ್ದನ್ನಲ್ಲ. ನಿಮ್ಮದಕ್ಕೆ ಬಳಕೆದಾರರ ಕೋಡ್ ಕೈಗೆ ಸಿಗುವುದಾದರೆ ಎಡಿಟರ್‌ನ ಹುಡುಕಾಟ ಸಾಕು. ಸಿಗದಿದ್ದರೆ ಹಳೆ ಮೆಥಡ್ ಒಳಗೇ 'ಸ್ಟ್ಯಾಕ್‌ವಾಕರ್' ಇಟ್ಟು, ಕರೆದ ಕ್ಲಾಸಿನ ಹೆಸರನ್ನು ಲಾಗ್‌ಗೆ ಬರೆಸಿ. 'ರಿಟೈನ್ ಕ್ಲಾಸ್ ರೆಫರೆನ್ಸ್' ಆಪ್ಶನ್ ಕೊಡದಿದ್ದರೆ 'ಗೆಟ್‌ಕಾಲರ್‌ಕ್ಲಾಸ್' ಕೆಲಸ ಮಾಡುವುದಿಲ್ಲ. ಒಂದು ಕ್ಲಾಸಿಗೆ ಒಂದೇ ಸಲ ಬರೆಯಿರಿ. ಪ್ರತಿ ಕರೆಗೂ ಬರೆದರೆ ಸದಸ್ಯರ ಪಟ್ಟಿ ಓಡುವ ರಾತ್ರಿ ಡಿಸ್ಕ್ ತುಂಬಿಹೋಗುತ್ತದೆ. ರಿಫ್ಲೆಕ್ಷನ್‌ನಿಂದ, ಅಂದರೆ ಮೆಥಡ್ ಹೆಸರನ್ನು ಸ್ಟ್ರಿಂಗ್ ಆಗಿ ಬರೆದು ಕರೆಯುವ ಕೋಡು ಯಾವ ಕಂಪೈಲರ್ ವಾರ್ನಿಂಗ್‌ಗೂ ಸಿಕ್ಕುವುದಿಲ್ಲ. ರಿಪೋರ್ಟ್ ಟೆಂಪ್ಲೇಟ್‌ಗಳಲ್ಲಿ ಇದು ತುಂಬಾ ಇರುತ್ತದೆ, ಅವನ್ನು ಹೆಸರು ಹಿಡಿದು ಪ್ರತ್ಯೇಕ ಹುಡುಕಿ.

ಯಾವ ತಿಂಗಳು ತೆಗೆಯಬೇಕು ಎಂಬುದನ್ನು ಬಳಸುವವರ ಕೆಲಸ ನೋಡಿ ನಿಶ್ಚಯಿಸಿ. ನಿಮ್ಮ ಬಳಕೆದಾರರು ಸಹಕಾರಿ ಸಂಘಗಳಾದರೆ ಮಾರ್ಚ್ 31ಕ್ಕೆ ವರ್ಷದ ಲೆಕ್ಕ ಮುಗಿಯುತ್ತದೆ. ಫೆಬ್ರವರಿಯಿಂದ ಏಪ್ರಿಲ್ ಮುಗಿಯುವವರೆಗೆ ಏನನ್ನೂ ಕೀಳಬೇಡಿ. ಜೂನ್‌ನಲ್ಲಿ 'ಫಾರ್‌ರಿಮೂವಲ್' ಹಾಕಿದ ವರ್ಶನ್ ಕೊಟ್ಟು, ಒಂದು ವರ್ಷಾಂತ್ಯ ದಾಟಿಸಿ, ಮುಂದಿನ ಜೂನ್‌ನಲ್ಲಿ ತೆಗೆದರೆ ವರ್ಷಕ್ಕೊಮ್ಮೆ ಮಾತ್ರ ಓಡುವ ಲೆಕ್ಕದ ಪ್ರೋಗ್ರಾಂಗಳೂ ನಿಮ್ಮ ಲಾಗ್‌ನಲ್ಲಿ ಮುಖ ತೋರಿಸಿರುತ್ತವೆ. ತೆಗೆಯುವುದು ಮಾತ್ರ ವರ್ಶನ್‌ನ ಮೊದಲ ಅಂಕಿ ಬದಲಾಗುವಾಗ, 4ರಿಂದ 5ಕ್ಕೆ. ನಡುವಿನ ಅಂಕಿಯಲ್ಲಿ ತೆಗೆದರೆ ನಿಮ್ಮ ವರ್ಶನ್ ನಂಬರನ್ನು ಯಾರೂ ಮತ್ತೆ ನಂಬುವುದಿಲ್ಲ.

ಜಾವಾದವರೇ 'ಥ್ರೆಡ್ ಸ್ಟಾಪ್' ಮೆಥಡನ್ನು 1998ರಲ್ಲಿ ಡೆಪ್ರಿಕೇಟ್ ಮಾಡಿ, 2023ರ ಜಾವಾ 20ರಲ್ಲಿ ಅದನ್ನು ಕರೆದರೆ ನೇರ ಎಕ್ಸೆಪ್ಶನ್ ಬರುವಂತೆ ಮಾಡಿದರು. ಜಗತ್ತೇ ಬಳಸುವ ಲೈಬ್ರರಿಗೆ 25 ವರ್ಷ ಬೇಕಾಗಬಹುದು. ಆರು ತಂಡ ಬಳಸುವ ಲೈಬ್ರರಿಗೆ ಒಂದು ವರ್ಷ ಸಾಕು.

ಪ್ರಶ್ನೆ: ಲೈಬ್ರರಿಯ ಒಂದು ಮೆಥಡ್‌ನ ಪ್ಯಾರಾಮೀಟರನ್ನು ಇಂಟ್‌ನಿಂದ ಲಾಂಗ್ (ಇನ್ನೂ ದೊಡ್ಡ ಪೂರ್ಣಾಂಕ) ಮಾಡಿದೆವು. ಕರೆಯುವ ಎಲ್ಲ ಕೋಡೂ ಏನೂ ಬದಲಿಸದೆ ಕಂಪೈಲ್ ಆಯಿತು. ಆದರೂ ಒಂದು ಸರ್ವರ್‌ನಲ್ಲಿ 'ನೋಸಚ್‌ಮೆಥಡ್‌ಎರರ್' ಬಂದು ನಿಂತಿತು. ಮೆಥಡ್ ಅಲ್ಲೇ ಇದೆಯಲ್ಲ? — ಹೊಸೂರು, ಕೃಷ್ಣಗಿರಿ ಜಿಲ್ಲೆ

ಉತ್ತರ: ಆ ಸರ್ವರ್‌ನಲ್ಲಿ ಲೈಬ್ರರಿಯ ಜಾರ್ ಫೈಲ್ (ಕಂಪೈಲ್ ಆದ ಕ್ಲಾಸುಗಳ ಕಟ್ಟು) ಮಾತ್ರ ಹೊಸದು, ಅದನ್ನು ಕರೆಯುವ ಪ್ರೋಗ್ರಾಂ ಹಳೆಯದೇ ಉಳಿದಿದೆ. ಕಂಪೈಲ್ ಆದ ಕ್ಲಾಸ್ ಫೈಲ್ ಒಳಗೆ ಕರೆಯಬೇಕಾದ ಮೆಥಡಿನ ಹೆಸರಷ್ಟೇ ಇರುವುದಿಲ್ಲ; ಪ್ಯಾರಾಮೀಟರ್‌ಗಳ ಟೈಪ್, ವಾಪಸು ಕೊಡುವ ಟೈಪ್ ಎಲ್ಲ ಸೇರಿದ ಪೂರ್ತಿ ವಿಳಾಸ ಇರುತ್ತದೆ. ಇಂಟ್ ತೆಗೆದುಕೊಳ್ಳುವ ಮೆಥಡ್ ಎಂದು ಹಳೆ ಪ್ರೋಗ್ರಾಂ ಹುಡುಕುತ್ತದೆ, ಅಂಥದ್ದು ಈಗ ಇಲ್ಲ. ಇಂಟ್ ಅನ್ನು ಲಾಂಗ್‌ಗೆ ಹಿಗ್ಗಿಸುವುದು ಕಂಪೈಲರ್ ಮಾಡುವ ಕೆಲಸ, ಓಡುವಾಗ ಯಾರೂ ಮಾಡುವುದಿಲ್ಲ. ವಾಪಸು ಕೊಡುವ ಟೈಪನ್ನು ಅರೇಲಿಸ್ಟ್‌ನಿಂದ ಲಿಸ್ಟ್‌ಗೆ ಬದಲಿಸಿದರೂ ಇದೇ ಗತಿ.

ಪರಿಹಾರ ಸುಲಭ: ಇಂಟ್ ತೆಗೆದುಕೊಳ್ಳುವ ಹಳೆ ಮೆಥಡನ್ನೂ ಉಳಿಸಿ, ಡೆಪ್ರಿಕೇಟ್ ಮಾಡಿ, ಒಳಗಿಂದ ಲಾಂಗ್ ಇರುವುದನ್ನು ಕರೆಯಿರಿ. ಸೋರ್ಸ್ ಹೊಂದುತ್ತದೆಯೇ ಎಂಬುದು ಒಂದು ಪ್ರಶ್ನೆ, ಕಂಪೈಲ್ ಆದ ಫೈಲ್ ಹೊಂದುತ್ತದೆಯೇ ಎಂಬುದು ಇನ್ನೊಂದು. ಎರಡನೆಯದನ್ನು ಕಣ್ಣಿನಿಂದ ಹಿಡಿಯುವುದು ಕಷ್ಟ. 'ಜಾಪಿಸಿಎಂಪಿ' ಅಥವಾ 'ರೆವಾಪಿ' ಎಂಬ ಉಚಿತ ಟೂಲ್‌ಗಳಿಗೆ ಹಳೆ ಜಾರ್, ಹೊಸ ಜಾರ್ ಎರಡನ್ನೂ ಕೊಟ್ಟರೆ ಏನು ಮುರಿದಿದೆ ಎಂದು ಪಟ್ಟಿ ಕೊಡುತ್ತವೆ. ಬಿಡುಗಡೆಗೆ ಮುಂಚೆ ಬಿಲ್ಡ್‌ನಲ್ಲೇ ಇದನ್ನು ಓಡಿಸುವ ಹಾಗೆ ಮಾಡಿ.

ಯಾವ ಎರರ್ ಕೂಡ ಕೊಡದ ಒಂದು ಬದಲಾವಣೆಯೂ ಇದೆ, ಅದನ್ನೂ ತಿಳಿದಿರಿ. ಲೈಬ್ರರಿಯಲ್ಲಿ ಪಬ್ಲಿಕ್ ಸ್ಟ್ಯಾಟಿಕ್ ಫೈನಲ್ ಎಂದು ಬಡ್ಡಿದರವನ್ನೋ ಮಿತಿಯನ್ನೋ ನೇರ ಅಂಕಿಯಾಗಿ ಇಟ್ಟಿದ್ದರೆ, ಕರೆಯುವವರ ಕ್ಲಾಸ್ ಫೈಲ್ ಒಳಗೆ ಆ ಅಂಕಿಯೇ ನಕಲಾಗಿ ಕೂತಿರುತ್ತದೆ. ಲೈಬ್ರರಿಯಲ್ಲಿ ಅದನ್ನು 7ರಿಂದ 8 ಮಾಡಿ ಹೊಸ ಜಾರ್ ಹಾಕಿದರೂ ಹಳೆ ಪ್ರೋಗ್ರಾಂ ಮತ್ತೆ ಕಂಪೈಲ್ ಆಗುವವರೆಗೆ 7ರಲ್ಲೇ ಲೆಕ್ಕ ಹಾಕುತ್ತದೆ. ಬದಲಾಗಬಹುದಾದ ಅಂಕಿಯನ್ನು ಮೆಥಡ್ ಮೂಲಕವೇ ಕೊಡಿ.

ಪ್ರಶ್ನೆ: ಸಂಘದಲ್ಲಿ ಅಡಿಕೆಯ ಬಗೆಗಳನ್ನು 'ಚಾಲಿ', 'ಪಟೋರ', 'ಕರಿಗೋಟು' ಎಂದು ಸ್ಟ್ರಿಂಗ್ ಆಗಿಯೇ ಮ್ಯಾಪ್‌ನಲ್ಲಿಟ್ಟು ದರ ಹುಡುಕುತ್ತೇವೆ. ಚಾಲಿಗೆ ದರ ಸಿಗುತ್ತದೆ. ಪಟೋರಕ್ಕೆ ಕೆಲವು ಸಲ ಸಿಗುತ್ತದೆ, ಕೆಲವು ಸಲ ಸೊನ್ನೆ ಬರುತ್ತದೆ. ತೆರೆಯ ಮೇಲೆ ಎರಡೂ ಒಂದೇ ಥರ ಕಾಣುತ್ತವೆ. — ಕುಂಬಳೆ, ಕಾಸರಗೋಡು ಜಿಲ್ಲೆ

ಉತ್ತರ: ಚಾಲಿಗೆ ಬಾರದ ತೊಂದರೆ ಪಟೋರಕ್ಕೆ ಬರುವುದಕ್ಕೆ ಕಾರಣ ಅದರ ನಡುವಿನ 'ಟೋ'. ಯುನಿಕೋಡ್‌ನಲ್ಲಿ 'ೋ' ಎಂಬ ಸ್ವರಚಿಹ್ನೆಯನ್ನು ಒಂದೇ ಕೋಡ್ ಆಗಿ ಇಡಬಹುದು. 'ೆ', 'ೂ' ಮತ್ತು ದೀರ್ಘದ ಗುರುತು ಎಂದು ಮೂರು ಕೋಡ್ ಆಗಿಯೂ ಇಡಬಹುದು. ಎರಡೂ ನಿಯಮಕ್ಕೆ ಸರಿಯೇ, ಕಾಣುವುದೂ ಒಂದೇ ಥರ. ಆದರೆ ಜಾವಾದ ಸ್ಟ್ರಿಂಗ್ ಹೋಲಿಕೆಗೆ ಅವು ಬೇರೆ ಬೇರೆ ಪದ. ನಿಮ್ಮ ಹೊಸ ನಮೂದುಗಳು ಒಂದು ಬಗೆಯಲ್ಲೂ ಹಳೆ ಫೈಲಿನಿಂದ ಪರಿವರ್ತಿಸಿ ತಂದವು ಇನ್ನೊಂದು ಬಗೆಯಲ್ಲೂ ಇವೆ ಎಂದು ತೋರುತ್ತದೆ. ಎರಡೂ ಸ್ಟ್ರಿಂಗ್‌ಗಳ 'ಲೆಂಗ್ತ್' ಅಚ್ಚು ಹಾಕಿ ನೋಡಿ: ಒಂದು ಕಡೆ 4 ಬರುತ್ತದೆ, ಇನ್ನೊಂದು ಕಡೆ 6. ಕರಿಗೋಟಿಗೂ ಇದೇ ತೊಂದರೆ ಕಾದಿದೆ.

ಹೊರಗಿಂದ ಬರುವ ಪ್ರತಿ ಕನ್ನಡ ಸ್ಟ್ರಿಂಗನ್ನೂ ಒಳಗೆ ಬಿಡುವ ಬಾಗಿಲಲ್ಲೇ ಜಾವಾದ 'ನಾರ್ಮಲೈಸರ್' ಮೂಲಕ 'ಎನ್‌ಎಫ್‌ಸಿ' ರೂಪಕ್ಕೆ ತನ್ನಿ. ಡೇಟಾಬೇಸಿನಲ್ಲಿ ಈಗಾಗಲೇ ಇರುವುದನ್ನೂ ಒಮ್ಮೆ ಹಾಗೆ ತಿದ್ದಿ. 'ರಾಜ್‌ಕುಮಾರ್' ಎಂಬಂಥ ಹೆಸರಿನಲ್ಲಿ 'ಜ್' ಮುಂದೆ ಕೂರುವ ಕಾಣದ ಅಕ್ಷರವನ್ನು ಮಾತ್ರ ಎನ್‌ಎಫ್‌ಸಿ ಮುಟ್ಟುವುದಿಲ್ಲ. ಹೆಸರು ಹುಡುಕುವಾಗ ಅದನ್ನು ನೀವೇ ತೆಗೆದು ಹೋಲಿಸಬೇಕು, ತೋರಿಸುವಾಗ ಉಳಿಸಬೇಕು.

ಇದಾದ ಮೇಲೂ ಅಡಿಕೆಯ ಬಗೆ ಸ್ಟ್ರಿಂಗ್ ಆಗಿರಬಾರದು. ಅದಕ್ಕೆ ಈನಮ್ (ಹೆಸರಿಸಿದ ಆಯ್ಕೆಗಳು ಮಾತ್ರ ಇರುವ ಟೈಪ್) ಮಾಡಿ, ಕನ್ನಡ ಹೆಸರು ತೋರಿಸುವುದಕ್ಕೆ ಮಾತ್ರ ಇರಲಿ. ಆಗ ಸಿಗದ ಬಗೆಗೆ ಸದ್ದಿಲ್ಲದೆ ಸೊನ್ನೆ ಬರುವ ಬದಲು ಓದುವಾಗಲೇ ಎರರ್ ಬರುತ್ತದೆ. ರೈತರಿಗೆ ಸೊನ್ನೆ ದರದ ಚೀಟಿ ಕೊಡುವುದಕ್ಕಿಂತ ಪ್ರೋಗ್ರಾಂ ನಿಲ್ಲುವುದು ಎಷ್ಟೋ ಮೇಲು. ಜಾವಾ 14ರಿಂದ ಸ್ವಿಚ್ ಎಕ್ಸ್‌ಪ್ರೆಶನ್ ಇದೆ. ಅದರಲ್ಲಿ 'ಡೀಫಾಲ್ಟ್' ಬರೆಯದೆ ಎಲ್ಲ ಬಗೆಗಳನ್ನೂ ಬರೆದರೆ, ನಾಳೆ ಹೊಸ ಬಗೆ ಸೇರಿದಾಗ ದರ ಹಾಕದ ಜಾಗಗಳನ್ನು ಕಂಪೈಲರೇ ತೋರಿಸುತ್ತದೆ.

ಬಳಕೆ ನಿಂತ ಬಗೆಯನ್ನು ಈನಮ್‌ನಿಂದ ಅಳಿಸಬೇಡಿ, ಹಳೆ ರಶೀದಿಗಳಲ್ಲಿ ಅದು ಇದ್ದೇ ಇರುತ್ತದೆ. ಆ ಒಂದು ಹೆಸರಿಗೆ ಡೆಪ್ರಿಕೇಟೆಡ್ ಗುರುತು ಹಾಕಿ, ಹೊಸ ನಮೂದಿನ ಪಟ್ಟಿಯಲ್ಲಿ ತೋರಿಸದಿರಿ. ಡೇಟಾಬೇಸಿನಲ್ಲಿ 'ಆರ್ಡಿನಲ್', ಅಂದರೆ ಈನಮ್‌ನ ಕ್ರಮಸಂಖ್ಯೆ, ಉಳಿಸುವ ಅಭ್ಯಾಸವಿದ್ದರೆ ಇವತ್ತೇ ಬಿಡಿ. ನಡುವೆ ಒಂದು ಬಗೆ ಸೇರಿಸಿದರೆ ಅದರ ಕೆಳಗಿನ ಎಲ್ಲ ಅಡಿಕೆಯೂ ಒಂದೊಂದು ಮನೆ ಜರುಗುತ್ತದೆ.

ಪ್ರಶ್ನೆ: ನಮ್ಮದು ಪೈಥಾನ್ ಲೈಬ್ರರಿ. ಹಳೆ ಫಂಕ್ಷನ್‌ಗಳಲ್ಲಿ 'ಡೆಪ್ರಿಕೇಶನ್‌ವಾರ್ನಿಂಗ್' ಕೊಡುತ್ತೇವೆ, ಯಾರಿಗೂ ಕಾಣುತ್ತಿಲ್ಲ. ಟೈಪ್ ಹಿಂಟ್ (ಯಾವ ಟೈಪ್ ಬರಬೇಕೆಂಬ ಸೂಚನೆ) ಹಾಕಿದ್ದೇವೆ, ಅದೂ ಬಳಸುವವರ ಕಡೆ ಕೆಲಸ ಮಾಡುತ್ತಿಲ್ಲ. — ಆದೋನಿ, ಕರ್ನೂಲು ಜಿಲ್ಲೆ

ಉತ್ತರ: ಮೊದಲನೆಯದು ಪೈಥಾನ್ ಬೇಕೆಂದೇ ಮಾಡಿದ್ದು. ಈ ವಾರ್ನಿಂಗ್ ಪ್ರೋಗ್ರಾಮರ್‌ಗಳಿಗಾಗಿ ಇರುವುದು, ಪ್ರೋಗ್ರಾಂ ಬಳಸುವವರಿಗಲ್ಲ ಎಂದು 3.2ರಿಂದ ಅದನ್ನು ಮರೆಮಾಡಿದ್ದಾರೆ. 3.7ರಿಂದ ನೇರವಾಗಿ ಓಡಿಸಿದ ಮುಖ್ಯ ಫೈಲಿನಲ್ಲೇ ಕರೆ ಇದ್ದರೆ ಮಾತ್ರ ಕಾಣುತ್ತದೆ. ಇಲ್ಲಿ 'ಸ್ಟ್ಯಾಕ್‌ಲೆವೆಲ್' ಮುಖ್ಯ. ಅದನ್ನು 2 ಎಂದು ಕೊಡದಿದ್ದರೆ ವಾರ್ನಿಂಗ್ ನಿಮ್ಮ ಲೈಬ್ರರಿಯ ಸಾಲಿನತ್ತ ಬೊಟ್ಟು ಮಾಡುತ್ತದೆ, ಕರೆದವರ ಸಾಲಿನತ್ತ ಅಲ್ಲ. ಆಗ ಮುಖ್ಯ ಫೈಲಿನಿಂದ ಕರೆದರೂ ಕಾಣುವುದಿಲ್ಲ. 2 ಎಂದು ತಿದ್ದಿ. ಬಳಸುವ ತಂಡಗಳಿಗೆ ಪೈಟೆಸ್ಟ್‌ನಲ್ಲಿ ಪರೀಕ್ಷೆ ಓಡಿಸಲು ಹೇಳಿ, ಅಲ್ಲಿ ಈ ವಾರ್ನಿಂಗ್‌ಗಳು ಕೊನೆಯಲ್ಲಿ ಪಟ್ಟಿಯಾಗಿ ಬರುತ್ತವೆ. ಬಿಲ್ಡ್ ಯಂತ್ರದಲ್ಲಿ ಅದನ್ನೇ ಎರರ್ ಮಾಡುವ ಡಬ್ಲ್ಯೂ ಆಪ್ಶನ್ ಹಾಕಬಹುದು.

2024ರ ಪೈಥಾನ್ 3.13ರಲ್ಲಿ 'ವಾರ್ನಿಂಗ್ಸ್' ಮಾಡ್ಯೂಲ್‌ಗೆ 'ಡೆಪ್ರಿಕೇಟೆಡ್' ಎಂಬ ಡೆಕೊರೇಟರ್ ಸೇರಿದೆ. ಫಂಕ್ಷನ್ ಮೇಲೆ ಅದನ್ನಿಟ್ಟು ಸಂದೇಶ ಬರೆದರೆ ಓಡುವಾಗಲೂ ವಾರ್ನಿಂಗ್ ಬರುತ್ತದೆ, ಟೈಪ್ ಪರಿಶೀಲಿಸುವ ಟೂಲ್‌ಗಳಿಗೂ ಅದು ತಿಳಿಯುತ್ತದೆ. ಹಳೆ ಪೈಥಾನ್ ಇದ್ದರೆ ಇದೇ ಡೆಕೊರೇಟರ್ 'ಟೈಪಿಂಗ್ ಎಕ್ಸ್‌ಟೆನ್ಶನ್ಸ್' ಪ್ಯಾಕೇಜಿನಲ್ಲಿ ಸಿಗುತ್ತದೆ. ಅಂಥ ಟೂಲ್‌ಗಳಲ್ಲೊಂದಾದ ಮೈಪೈನಲ್ಲಿ 'ಡೆಪ್ರಿಕೇಟೆಡ್' ಎಂಬ ಎರರ್ ಕೋಡನ್ನು ನೀವೇ ಚಾಲೂ ಮಾಡಬೇಕು.

ಟೈಪ್ ಹಿಂಟ್ ಬಳಸುವವರನ್ನು ತಲುಪದಿರುವುದಕ್ಕೆ ಬಹುಮಟ್ಟಿಗೆ ಒಂದೇ ಕಾರಣ: ಪ್ಯಾಕೇಜ್ ಫೋಲ್ಡರಿನಲ್ಲಿ 'ಪೈ ಡಾಟ್ ಟೈಪ್ಡ್' ಎಂಬ ಖಾಲಿ ಫೈಲ್ ಇಲ್ಲ. ಅದು ಇಲ್ಲದಿದ್ದರೆ ಮೈಪೈ ನಿಮ್ಮ ಹಿಂಟ್‌ಗಳನ್ನು ಓದುವುದೇ ಇಲ್ಲ. ಫೈಲ್ ಸೇರಿಸಿ, ಬಿಲ್ಡ್ ಆದ ವೀಲ್ ಫೈಲನ್ನು ಬಿಚ್ಚಿ ಅದರೊಳಗೆ ಅದು ನಿಜವಾಗಿ ಹೋಗಿದೆಯೇ ಎಂದೂ ನೋಡಿ. ಪ್ಯಾಕೇಜ್ ಡೇಟಾ ಎಂದು ಹೆಸರಿಸದ ಕಾರಣ ಅದು ಹೊರಗುಳಿದಿರುವುದು ಸಾಮಾನ್ಯ.

ಒಂದು ಎಚ್ಚರ. ಪೈಥಾನ್ ಓಡುವಾಗ ಹಿಂಟ್‌ಗಳನ್ನು ಪರೀಕ್ಷಿಸುವುದಿಲ್ಲ. ಇಂಟ್ ಎಂದು ಬರೆದ ಕಡೆ ಸ್ಟ್ರಿಂಗ್ ಬಂದರೂ ಒಳಗೆ ಬಿಡುತ್ತದೆ. ಫೈಲಿನಿಂದ, ನೆಟ್‌ವರ್ಕಿನಿಂದ ಬರುವ ಡೇಟಾವನ್ನು ನೀವೇ ಪರೀಕ್ಷಿಸಬೇಕು. 'ಎನಿ' ಎಂದು ಒಂದು ಕಡೆ ಬರೆದರೆ ಅಲ್ಲಿಂದ ಹರಿಯುವ ಎಲ್ಲ ಕಡೆ ಪರೀಕ್ಷೆ ನಿಲ್ಲುತ್ತದೆ. 'ಆಬ್ಜೆಕ್ಟ್' ಎಂದು ಬರೆದರೆ ಬಳಸುವ ಮುನ್ನ ಪರೀಕ್ಷಿಸಲೇಬೇಕಾಗುತ್ತದೆ.

ಪ್ರಶ್ನೆ: ಹಳೆ ಕೋಡಿನಲ್ಲಿ ಎಲ್ಲ ಕಡೆ ಬರೀ 'ಲಿಸ್ಟ್' ಎಂದಿದೆ, ಒಳಗೇನು ಎಂದಿಲ್ಲ. 'ಕ್ಲಾಸ್‌ಕಾಸ್ಟ್‌ಎಕ್ಸೆಪ್ಶನ್' ಬರುವ ಸಾಲಿನಲ್ಲಿ, ಇದು ಇಂಥ ಟೈಪ್ ಎಂದು ಹೇಳುವ ಕಾಸ್ಟೇ ಇಲ್ಲ! — ಜತ್ತ, ಸಾಂಗ್ಲಿ ಜಿಲ್ಲೆ

ಉತ್ತರ: ಕಾಸ್ಟ್ ಇದೆ, ನಿಮಗೆ ಕಾಣುವುದಿಲ್ಲ. ಲಿಸ್ಟ್ ಒಳಗೇನಿರಬೇಕು ಎಂದು ಬರೆಯುವ ಜೆನೆರಿಕ್ಸ್ 2004ರಲ್ಲಿ ಜಾವಾ 5ರ ಜೊತೆ ಬಂದಾಗ ಹಳೆ ಕೋಡು ಮುರಿಯಬಾರದೆಂದು ಅದನ್ನು ಕಂಪೈಲರ್ ಮಟ್ಟದಲ್ಲೇ ನಿಲ್ಲಿಸಿದರು. ಓಡುವಾಗ ಸ್ಟ್ರಿಂಗ್ ಲಿಸ್ಟ್ ಆಗಲಿ ಇಂಟಿಜರ್ ಲಿಸ್ಟ್ ಆಗಲಿ ಬರೀ ಲಿಸ್ಟ್. ತೆಗೆಯುವ ಜಾಗದಲ್ಲಿ ಕಂಪೈಲರ್ ತಾನೇ ಕಾಸ್ಟ್ ಸೇರಿಸುತ್ತದೆ, ಎಕ್ಸೆಪ್ಶನ್ ಅಲ್ಲಿ ಸಿಡಿಯುತ್ತದೆ. ತಪ್ಪು ವಸ್ತು ತುಂಬಿದ್ದು ಬೇರೆಲ್ಲೋ. ತುಂಬಿದವರನ್ನು ಹಿಡಿಯಲು ಆ ಲಿಸ್ಟನ್ನು ಹುಟ್ಟಿಸುವ ಕಡೆ 'ಕಲೆಕ್ಷನ್ಸ್ ಚೆಕ್ಡ್‌ಲಿಸ್ಟ್' ಸುತ್ತಿ, ಒಳಗಿರಬೇಕಾದ ಕ್ಲಾಸನ್ನು ಕೊಡಿ. ಆಗ ತಪ್ಪು ವಸ್ತು ಸೇರಿಸುವ ಸಾಲಿನಲ್ಲೇ ಎಕ್ಸೆಪ್ಶನ್ ಬರುತ್ತದೆ. 'ಎಕ್ಸ್‌ಲಿಂಟ್ ಅನ್‌ಚೆಕ್ಡ್' ಹಾಕಿ ಪಟ್ಟಿ ತೆಗೆದು, ಹೊರಗಿನವರು ಕರೆಯುವ ಮೆಥಡ್‌ಗಳಿಂದ ಶುರು ಮಾಡಿ ಒಳಮುಖವಾಗಿ ತಿದ್ದುತ್ತ ಬನ್ನಿ. ವಾರ್ನಿಂಗ್ ಮುಚ್ಚಲೇಬೇಕಾದರೆ ಇಡೀ ಕ್ಲಾಸಿಗೆ ಮುಚ್ಚಬೇಡಿ, ಆ ಒಂದು ವೇರಿಯಬಲ್ ಘೋಷಣೆಗೆ ಮಾತ್ರ ಮುಚ್ಚಿ.

ಪ್ರಶ್ನೆ: ಫೋನ್ ನಂಬರಿಗೆ ಲಾಂಗ್ ಸಾಕಲ್ಲವೇ? — ಮಂಜೇಶ್ವರ

ಉತ್ತರ: ಸಾಲದು. ಕಾಸರಗೋಡಿನ ಎಸ್‌ಟಿಡಿ ಕೋಡ್ 04994 ಲಾಂಗ್‌ನಲ್ಲಿ 4994 ಆಗುತ್ತದೆ, ಮೊದಲ ಸೊನ್ನೆ ಮತ್ತೆ ಸಿಗುವುದಿಲ್ಲ. ಕೂಡಿಸಿ ಕಳೆಯುವ ಕೆಲಸವಿಲ್ಲದ ಯಾವುದೂ ಸಂಖ್ಯೆಯ ಟೈಪ್ ಆಗಬೇಕಿಲ್ಲ. 'ಫೋನ್‌ನಂಬರ್' ಎಂಬ ಪುಟ್ಟ ಕ್ಲಾಸ್ ಮಾಡಿ ಒಳಗೆ ಸ್ಟ್ರಿಂಗ್ ಇಡಿ.

ಪ್ರಶ್ನೆ: ಹಳೆ ಮೆಥಡ್‌ಗಳನ್ನೆಲ್ಲ 3.0ರಲ್ಲಿ ತೆಗೆದೆವು. ಒಂದು ಕಡೆ ಮಾತ್ರ ಅವರ ಪ್ರೋಗ್ರಾಮಿನ ಸೋರ್ಸ್ ಕೋಡೇ ಕಳೆದುಹೋಗಿದೆ, ತಿದ್ದಲು ಬರುವುದಿಲ್ಲ. ಅವರೊಬ್ಬರಿಗಾಗಿ ಎಲ್ಲವನ್ನೂ ವಾಪಸು ತರಬೇಕೇ? — ತಾಳವಾಡಿ, ಈರೋಡು ಜಿಲ್ಲೆ

ಉತ್ತರ: ಮುಖ್ಯ ಲೈಬ್ರರಿಗೆ ತರಬೇಡಿ, ಅವರನ್ನು ಕೈಬಿಡಲೂ ಬೇಡಿ. ಹಳೆ ಮೆಥಡ್‌ಗಳು ಅದೇ ಹೆಸರಿನ, ಅದೇ ಪ್ಯಾಕೇಜಿನ ಕ್ಲಾಸಿನಲ್ಲೇ ಇರಬೇಕು, ಇಲ್ಲವಾದರೆ ಅವರ ಕಂಪೈಲ್ ಆದ ಫೈಲಿಗೆ ಸಿಗುವುದಿಲ್ಲ. ಆ ಕ್ಲಾಸು ಹಳೆ ಮೆಥಡ್‌ಗಳಿಗೆಂದೇ ಇದ್ದು, 3.0ರಲ್ಲಿ ಇಡಿಯಾಗಿ ಹೋಗಿದ್ದರೆ ಕೆಲಸ ಸುಲಭ: ಅದನ್ನು ಪ್ರತ್ಯೇಕ ಜಾರ್ ಆಗಿ ಕಟ್ಟಿ, ಒಳಗಿಂದ ಹೊಸ ಮೆಥಡ್‌ಗಳನ್ನು ಕರೆಸಿ, ಅವರಿಗೆ ಮಾತ್ರ ಕೊಡಿ. ಉಳಿದವರ ಕಡೆ ಅದು ಹೋಗುವುದೇ ಇಲ್ಲ. ಆದರೆ ಉಳಿದಿರುವ ಕ್ಲಾಸಿನಿಂದ ಕೆಲವು ಮೆಥಡ್ ಮಾತ್ರ ತೆಗೆದಿದ್ದರೆ ಈ ಉಪಾಯ ನಡೆಯದು. ಒಂದೇ ಹೆಸರಿನ ಕ್ಲಾಸ್ ಎರಡು ಜಾರ್‌ಗಳಲ್ಲಿದ್ದರೆ ಕ್ಲಾಸ್‌ಪಾತ್‌ನಲ್ಲಿ ಮೊದಲು ಸಿಕ್ಕಿದ್ದೊಂದೇ ಲೋಡ್ ಆಗುತ್ತದೆ. ಆಗ ಅವರನ್ನು 2ನೇ ಸರಣಿಯ ಕೊನೆಯ ವರ್ಶನ್‌ನಲ್ಲೇ ನಿಲ್ಲಿಸಿ, ಲೆಕ್ಕ ತಪ್ಪಿಸುವ ದೋಷಗಳು ಮತ್ತು ಭದ್ರತೆಯ ತಿದ್ದುಪಡಿಗಳನ್ನು ಮಾತ್ರ ಅದಕ್ಕೂ ಹಾಕಿಕೊಡಿ. ಎಲ್ಲಿಯವರೆಗೆ ಕೊಡುತ್ತೀರಿ ಎಂದು ದಿನಾಂಕ ಬರೆದು ಸಹಿ ಮಾಡಿಸಿಕೊಳ್ಳಿ. ಅಷ್ಟರೊಳಗೆ ಅವರ ಕ್ಲಾಸ್ ಫೈಲ್‌ಗಳನ್ನು 'ಜಾವಾಪಿ' ಟೂಲ್‌ನಿಂದ ಬಿಚ್ಚಿ ಯಾವ ಹಳೆ ಮೆಥಡ್‌ಗಳಿಗೆ ಕರೆ ಇದೆ ಎಂದು ನೋಡಿ. ನೀವು ತೆಗೆದ ಪಟ್ಟಿಯಲ್ಲಿ ಅವರು ನಿಜವಾಗಿ ಬಳಸುವುದು ಮೂರೋ ನಾಲ್ಕೋ ಇರಬಹುದು, ಹಾಗಿದ್ದರೆ ಆ ಭಾಗವನ್ನು ಹೊಸದಾಗಿ ಬರೆದುಕೊಡುವುದೇ ಇಬ್ಬರಿಗೂ ಅಗ್ಗ.